ಬಡಾವಣೆ ಸಂಘದ ಸಭೆ ಕರೆದು ಮೋರಿ ಸರಿ ಮಾಡಿಸುವುದು ಹೇಗೆ: ಮೊದಲ ಅಳತೆಯಿಂದ ಕಾಮಗಾರಿ ಮುಗಿಯುವ ತನಕ

ಭಾನುವಾರ ಪಾರ್ಕಿನಲ್ಲಿ ಸಭೆ ಸೇರುತ್ತದೆ. ಮಳೆನೀರು, ಕಸ, ಬೀದಿನಾಯಿ, ಪಾರ್ಕಿಂಗ್, ಎಲ್ಲವೂ ಒಟ್ಟಿಗೆ ಬರುತ್ತವೆ. ಎರಡು ಗಂಟೆ ಮಾತಾಡಿ, ‘ಒಂದು ಅರ್ಜಿ ಕೊಡೋಣ’ ಅಂತ ಎದ್ದು ಹೋಗುತ್ತಾರೆ. ಅರ್ಜಿ ಯಾರು ಬರೆಯಬೇಕು, ಯಾವ ಕಚೇರಿಗೆ, ಯಾವತ್ತು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಜನ, ಅದೇ ಮಾತು.

ಇಂಥ ಸಭೆಗಳು ಕೆಡುವುದು ಸಭೆಯ ದಿನವಲ್ಲ. ಅದರ ಹಿಂದಿನ ವಾರ ಯಾರೂ ಅಳತೆ ಮಾಡಿರುವುದಿಲ್ಲ, ಮುಂದಿನ ವಾರ ಯಾರೂ ಕಚೇರಿಗೆ ಹೋಗಿರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸಭೆಗಿಂತ ಅದರ ಹಿಂದುಮುಂದಿನ ಕೆಲಸವೇ ಜಾಸ್ತಿ ಇದೆ. ಉದಾಹರಣೆಗೆ ಬೆಂಗಳೂರಿನ ಒಂದು ಸಾಮಾನ್ಯ ತೊಂದರೆ ತೆಗೆದುಕೊಂಡಿದ್ದೇನೆ: ಅಡ್ಡರಸ್ತೆಯ ಮೋರಿ ಕಟ್ಟಿಕೊಂಡು ಮನೆಗಳಿಗೆ ನೀರು ನುಗ್ಗುವುದು. ಬೇರೆ ಊರಿನಲ್ಲಿ ಕಚೇರಿಗಳ ಹೆಸರು ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

## ಮೊದಲೇ ಕೈಯಲ್ಲಿ ಇರಬೇಕಾದವು

ಒಂದು ಅಳತೆ ಟೇಪು, ಸೀಮೆಸುಣ್ಣ, ದಿನಾಂಕ ಮತ್ತು ಜಾಗ ಮೂಡಿಸುವ ಕ್ಯಾಮೆರಾ ಆಪ್ ಇರುವ ಫೋನು. ಗಟ್ಟಿ ರಟ್ಟಿನ ಒಂದು ನಡಾವಳಿ ಪುಸ್ತಕ. ಸಂಘದ ಲೆಟರ್ ಹೆಡ್ ಮತ್ತು ಸೀಲು. ಕಾಗದಗಳನ್ನು ಹಾಕಿಡಲು ಒಂದೇ ಫೈಲು. ಕಾಗದವೆಲ್ಲ ಕಾರ್ಯದರ್ಶಿಯ ಫೋನಿನಲ್ಲಿ ಮಾತ್ರ ಇದ್ದರೆ ಅವರು ಮನೆ ಬದಲಿಸಿದ ದಿನ ಸಂಘದ ನೆನಪೇ ಹೊರಟುಹೋಗುತ್ತದೆ.

ನೋಂದಣಿ ಆಗಿಲ್ಲದ ಸಂಘವೂ ಅರ್ಜಿ ಕೊಡಬಹುದು. ಆದರೆ ಬ್ಯಾಂಕ್ ಖಾತೆ, ಪಾರ್ಕ್ ನಿರ್ವಹಣೆ, ಕೋರ್ಟು ಅಂತ ಬಂದಾಗ ನೋಂದಣಿ ಇಲ್ಲದಿದ್ದರೆ ಕಷ್ಟ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಸದಸ್ಯರಿದ್ದರೆ ಸಾಕು. ನೋಂದಣಿ ಆಗಿರುವ ಸಂಘ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಿಮ್ಮ ಸಂಘದಲ್ಲಿ ಇದು ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಅಪಾರ್ಟ್‌ಮೆಂಟ್ ಮಾಲೀಕರಿಗೆ 1972ರ ಬೇರೆ ಕಾಯ್ದೆ ಇದೆ. ಇಲ್ಲಿ ಹೇಳುತ್ತಿರುವುದು ಬೀದಿ ಮನೆಗಳ ಬಡಾವಣೆ ಸಂಘದ ಬಗ್ಗೆ.

## ಹಂತ 1: ಒಂದೇ ವಿಷಯ ಆರಿಸಿ

ಹತ್ತು ವಿಷಯ ಇಟ್ಟರೆ ಹತ್ತಕ್ಕೂ ಸಮಯ ಸಾಲುವುದಿಲ್ಲ. ಈ ಸಭೆಗೆ ಮೋರಿ ಅಂದರೆ ಮೋರಿ ಮಾತ್ರ. ಅದರಲ್ಲೂ ‘ಬಡಾವಣೆಯ ಎಲ್ಲ ಮೋರಿ’ ಬೇಡ, ‘4ನೇ ಅಡ್ಡರಸ್ತೆಯ ಪೂರ್ವ ಬದಿಯ ಮೋರಿ, ಮೂಲೆಯ ಅಂಗಡಿಯಿಂದ ಮುಖ್ಯರಸ್ತೆಯ ತನಕ’ ಅನ್ನುವಷ್ಟು ಚಿಕ್ಕದಾಗಿರಲಿ. ಇಂಜಿನಿಯರ್ ಅಂದಾಜು ಪಟ್ಟಿ, ಅಂದರೆ ಏನೇನು ಕೆಲಸ, ಎಷ್ಟು ಖರ್ಚು ಅನ್ನುವ ಲೆಕ್ಕ, ಬರೆಯುವುದು ಇಷ್ಟೇ ಉದ್ದದ ಕೆಲಸಕ್ಕೆ.

ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಅದು ಇನ್ನೂ ಸಭೆಗೆ ಬರುವಷ್ಟು ಹಣ್ಣಾಗಿಲ್ಲ ಅಂತಲೇ ತಿಳಿಯಿರಿ.

## ಹಂತ 2: ಸಭೆಗೆ ಮೊದಲೇ ನಡೆದು ನೋಡಿ, ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದೂ ಇದೇ. ಮೂರು ನಾಲ್ಕು ಜನ ಬೆಳಗ್ಗೆ ಬೆಳಕಿನಲ್ಲಿ ಹೊರಡಿ. ನೀರು ನಿಲ್ಲುವ ಜಾಗದಿಂದ ಶುರು ಮಾಡಬೇಡಿ. ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರಬೇಕೋ ಅಲ್ಲಿಂದ ಹಿಂದಕ್ಕೆ ಬನ್ನಿ. ಮೂರನೇ ಮನೆ ಮುಂದೆ ನೀರು ನಿಲ್ಲಲು ಕಾರಣ ಎಷ್ಟೋ ಸಲ ಇಪ್ಪತ್ತನೇ ಮನೆಯ ಹತ್ತಿರ ಇರುತ್ತದೆ. ನಿಂತ ಕಡೆ ಮಾತ್ರ ಹೂಳು ತೆಗೆಸಿದರೆ ಒಂದು ಮಳೆಗೆ ಮತ್ತೆ ತುಂಬುತ್ತದೆ.

ಒಂದೊಂದು ಚಪ್ಪಡಿ ತೆರೆದಿರುವ ಕಡೆಯೂ ಎರಡು ಅಳತೆ ತೆಗೆದುಕೊಳ್ಳಿ: ಅಂಚಿನಿಂದ ಹೂಳಿನ ತನಕ, ಅಂಚಿನಿಂದ ತಳದ ತನಕ. ತಳ ಮುಟ್ಟಲು ಒಂದು ಕಬ್ಬಿಣದ ಸರಳು ಚುಚ್ಚಿ ನೋಡಿದರೆ ಸಾಕು. ಎರಡರ ವ್ಯತ್ಯಾಸವೇ ಹೂಳಿನ ದಪ್ಪ. ಹತ್ತಿರದ ಮನೆ ನಂಬರ್ ಜೊತೆ ಬರೆದುಕೊಳ್ಳಿ. ಚಪ್ಪಡಿ ನೀವೇ ಎತ್ತಲು ಹೋಗಬೇಡಿ, ಯಾರೂ ಒಳಗೆ ಇಳಿಯಬೇಡಿ. ಮುಚ್ಚಿದ ಚರಂಡಿಯಲ್ಲಿ ಕೆಟ್ಟ ಗಾಳಿ ಇರುತ್ತದೆ.

ಇಳಿಜಾರು ಇದೆಯೋ ಇಲ್ಲವೋ ನೋಡಲು ಗಾರೆ ಕೆಲಸದವರ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪು ಸಾಕು. ಪೈಪಿನಲ್ಲಿ ನೀರು ತುಂಬಿ, ಒಳಗೆ ಗಾಳಿ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಎರಡು ತುದಿಯನ್ನು ಮೋರಿಯ ಎರಡು ಕಡೆ ಹಿಡಿಯಿರಿ. ಎರಡೂ ಕಡೆ ನೀರಿನ ಮಟ್ಟದಿಂದ ತಳಕ್ಕೆ ಎಷ್ಟು ಆಳ ಅಂತ ಅಳೆಯಿರಿ. ನೀರು ಹೋಗಬೇಕಾದ ಕಡೆ ಆಳ ಜಾಸ್ತಿ ಇರಬೇಕು. ಸಮ ಇದ್ದರೆ ಅಥವಾ ಕಡಿಮೆ ಇದ್ದರೆ ತೊಂದರೆ ಹೂಳಿನದ್ದಲ್ಲ, ಕಟ್ಟುವಾಗಲೇ ವಾಟ (ಇಳಿಜಾರು) ತಪ್ಪಿದೆ. ಆಗ ನೀವು ಕೇಳಬೇಕಾದ್ದು ಹೂಳೆತ್ತುವುದನ್ನಲ್ಲ, ಮರುನಿರ್ಮಾಣವನ್ನು.

ಎಚ್ಚರಿಕೆಯ ಗುರುತುಗಳು:

- ಬೇಸಿಗೆಯಲ್ಲೂ ಮೋರಿಯಲ್ಲಿ ನೀರು ಹರಿಯುತ್ತಿದ್ದರೆ ಯಾವುದೋ ಮನೆಯ ಕೊಳಚೆ ಪೈಪು ಅದಕ್ಕೆ ಸೇರಿರಬಹುದು, ಅಥವಾ ಒಳಚರಂಡಿ ಉಕ್ಕಿ ಇಲ್ಲಿಗೆ ಹರಿಯುತ್ತಿರಬಹುದು. ಅದು ಜಲಮಂಡಳಿಗೆ ಸೇರಿದ ವಿಷಯ.
- ಮೋರಿಗೆ ಅಡ್ಡವಾಗಿ ಕೇಬಲ್ ಪೈಪುಗಳು ಹಾದಿದ್ದರೆ ಅವುಗಳಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡು ಕಟ್ಟುತ್ತದೆ. ಎಷ್ಟು ಪೈಪು, ಯಾವ ಮನೆ ಮುಂದೆ, ಫೋಟೋ ಸಮೇತ ಬರೆದಿಡಿ.
- ಗೇಟಿನ ಮುಂದಿನ ರ‍್ಯಾಂಪು ಮೋರಿಯ ಮೇಲೆ ಪೂರ್ತಿ ಕೂತಿದ್ದರೆ ಅಲ್ಲಿ ಹೂಳೆತ್ತಲು ಜಾಗವೇ ಇರುವುದಿಲ್ಲ.

## ಹಂತ 3: ರ‍್ಯಾಂಪಿನ ಮಾತು ಮನೆಗೆ ಹೋಗಿ ಆಡಿ

ಕಷ್ಟದ ಮಾತು ಇದು, ಯಾಕೆಂದರೆ ಆ ರ‍್ಯಾಂಪು ಕಟ್ಟಿರುವುದು ನಮ್ಮವರೇ. ಸಭೆಯಲ್ಲಿ ಎಲ್ಲರ ಮುಂದೆ ಹೆಸರು ಹಿಡಿದು ಹೇಳಿದರೆ ಅಲ್ಲಿಗೆ ಸಭೆ ಮುಗಿಯಿತು. ಆ ಮನೆಯವರು ಮುಂದೆ ಬರುವುದಿಲ್ಲ, ಅವರ ಪಕ್ಕದವರೂ ಬರುವುದಿಲ್ಲ.

ಸಭೆಗೆ ಮೊದಲೇ ಇಬ್ಬರು ಅವರ ಮನೆಗೆ ಹೋಗಿ. ಅವರಿಗೆ ಪರಿಚಯ ಇರುವ ಒಬ್ಬ ಹಿರಿಯರು ಜೊತೆಗಿರಲಿ. ಫೋಟೋ ತೋರಿಸಿ. ‘ನೀವು ತಪ್ಪು ಮಾಡಿದ್ದೀರಿ’ ಅನ್ನಬೇಡಿ. ‘ಇಲ್ಲಿ ಎತ್ತಿಡಬಹುದಾದ ಜಾಲರಿ ಹಾಕಿದರೆ ನಿಮ್ಮ ಕಾರೂ ಒಳಗೆ ಹೋಗುತ್ತದೆ, ಹೂಳೂ ತೆಗೆಯಬಹುದು, ಏನಂತೀರಾ ಸಾರ್?’ ಅಂತ ಕೇಳಿ. ಬಹಳ ಜನ ಒಪ್ಪುತ್ತಾರೆ. ಒಪ್ಪದವರು ಒಬ್ಬಿಬ್ಬರು ಇದ್ದರೆ ಅವರನ್ನು ಪಾಲಿಕೆಯ ನೋಟಿಸಿಗೆ ಬಿಡಿ. ಸಂಘ ಸ್ವತಃ ಒಡೆಯಲು ಹೋಗಬಾರದು. ಆ ಅಧಿಕಾರ ಸಂಘಕ್ಕೆ ಇಲ್ಲ.

ಅಧ್ಯಕ್ಷರ ಮನೆ ಮುಂದೆಯೇ ಅಂಥ ರ‍್ಯಾಂಪು ಇದ್ದರೆ ಮೊದಲು ಅದನ್ನೇ ಸರಿ ಮಾಡಿಸಿ. ಆಮೇಲೆ ಬೇರೆಯವರ ಮನೆ ಬಾಗಿಲು ತಟ್ಟಿ.

## ಹಂತ 4: ಯಾವ ಕಚೇರಿ ಅಂತ ಗಟ್ಟಿ ಮಾಡಿಕೊಳ್ಳಿ

ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಸುಮ್ನೆ ಕೂರುತ್ತದೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಹೀಗೆ:

- ಒಳರಸ್ತೆ, ರಸ್ತೆ ಬದಿ ಚರಂಡಿ, ಬೀದಿದೀಪ, ಪಾರ್ಕು, ಕಸ: ನಗರ ಪಾಲಿಕೆ. ಸಹಾಯವಾಣಿ 1533.
- ಕುಡಿಯುವ ನೀರು, ಒಳಚರಂಡಿ: ಜಲಮಂಡಳಿ. ಸಹಾಯವಾಣಿ 1916.
- ವಿದ್ಯುತ್ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್: ಬೆಸ್ಕಾಂ. ಸಹಾಯವಾಣಿ 1912.

ರಾಜಕಾಲುವೆಗೆ, ಅಂದರೆ ಬೀದಿ ಮೋರಿಗಳ ನೀರು ಹೋಗಿ ಸೇರುವ ದೊಡ್ಡ ಕಾಲುವೆಗೆ, ಪಾಲಿಕೆಯಲ್ಲೇ ಬೇರೆ ಇಂಜಿನಿಯರುಗಳಿರುತ್ತಾರೆ. ನಿಮ್ಮ ಮೋರಿ ರಾಜಕಾಲುವೆಗೆ ಸೇರುವ ಬಾಯಿಯಲ್ಲೇ ಕಟ್ಟಿದ್ದರೆ ಇಬ್ಬರಿಗೂ ಬೇರೆ ಬೇರೆ ಅರ್ಜಿ ಕೊಡಿ. ಬಿಡಿಎ ಅಥವಾ ಖಾಸಗಿ ಬಡಾವಣೆಯಾಗಿದ್ದರೆ ಅದು ಪಾಲಿಕೆಗೆ ಹಸ್ತಾಂತರ ಆಗಿದೆಯೇ ಅಂತ ಮೊದಲು ಕೇಳಿ. ಹಸ್ತಾಂತರ ಆಗದ ಬಡಾವಣೆಯಲ್ಲಿ ಪಾಲಿಕೆ ಹಣ ಹಾಕುವುದು ಕಷ್ಟ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಬದಲು ಬೆಂಗಳೂರಿಗೆ ಐದು ಪಾಲಿಕೆಗಳಿವೆ: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಹಳೆಯ ಅರ್ಜಿಯನ್ನೇ ನಕಲು ಮಾಡಿ ‘ಬಿಬಿಎಂಪಿ ಆಯುಕ್ತರಿಗೆ’ ಅಂತ ಬರೆಯಬೇಡಿ. ವಾರ್ಡಿನ ಗಡಿ ಮತ್ತು ಹೆಸರು ಕೂಡ ಬದಲಾಗಿದೆ. ಹತ್ತಿರದ ಪಾಲಿಕೆ ಕಚೇರಿಗೆ ಹೋಗಿ ನಿಮ್ಮ ರಸ್ತೆ ಯಾವ ವಾರ್ಡು, ಯಾವ ಉಪವಿಭಾಗ ಅಂತ ಕೇಳಿ ಬರೆದುಕೊಂಡು ಬನ್ನಿ.

## ಹಂತ 5: ನೋಟಿಸು ಕೊಡಿ

ಎಷ್ಟು ದಿನ ಮೊದಲು ಕೊಡಬೇಕು, ಕೋರಂ (ಸಭೆಗೆ ಕನಿಷ್ಠ ಇರಬೇಕಾದ ಸದಸ್ಯರ ಸಂಖ್ಯೆ) ಎಷ್ಟು ಅನ್ನುವುದು ನಿಮ್ಮ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ ಇರುತ್ತದೆ. ಅದನ್ನು ತೆಗೆದು ನೋಡಿ. ಕೋರಂ ಇಲ್ಲದೆ ಮಾಡಿದ ಠರಾವನ್ನು (ಸಭೆಯ ತೀರ್ಮಾನವನ್ನು) ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರ ಇರುವುದಿಲ್ಲ.

ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರಿಗೂ ತಲುಪಿತು ಅಂದುಕೊಳ್ಳಬೇಡಿ. ಬಾಡಿಗೆ ಮನೆಯವರು ಹೆಚ್ಚಾಗಿ ಗುಂಪಿನಲ್ಲಿ ಇರುವುದೇ ಇಲ್ಲ. ನೆಲಮಹಡಿಯಲ್ಲಿ ನೀರು ನುಗ್ಗಿಸಿಕೊಳ್ಳುವವರು ಅವರೇ. ಹಾಲಿನ ಬೂತು, ದಿನಸಿ ಅಂಗಡಿ, ದೇವಸ್ಥಾನದ ಗೋಡೆ, ಇಲ್ಲೆಲ್ಲ ಕಾಗದ ಅಂಟಿಸಿ. ಆ ಅಡ್ಡರಸ್ತೆಯ ಮನೆಗಳಿಗೆ ಕೈಯಲ್ಲೇ ಕೊಡಿ. ಹೆಂಗಸರು ಬರಬಹುದಾದ ಹೊತ್ತು ಇಡಿ. ಭಾನುವಾರ ಬೆಳಗ್ಗೆ ಎಂಟಕ್ಕೆ ಸಭೆ ಇಟ್ಟರೆ ಅಡುಗೆಮನೆಯಲ್ಲಿ ಇರುವವರು ಹೇಗೆ ಬರುತ್ತಾರೆ, ಅಲ್ವಾ?

ಮೊದಲ ಸಭೆಗೆ ಶಾಸಕರನ್ನೋ ಮುಖಂಡರನ್ನೋ ಕರೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅವರು ಬಂದರೆ ಹಾರ, ಭಾಷಣ, ಫೋಟೋದಲ್ಲೇ ಹೊತ್ತು ಹೋಗುತ್ತದೆ. ನಿಮ್ಮೊಳಗೆ ಒಂದು ಮಾತಾದ ಮೇಲೆ, ಠರಾವು ಹಿಡಿದು ಅವರ ಹತ್ತಿರ ಹೋಗಿ.

## ಹಂತ 6: ಸಭೆ ನಡೆಸುವ ಕ್ರಮ

ಸಹಿ ಪುಸ್ತಕ ಬಾಗಿಲಲ್ಲೇ ಇರಲಿ. ಹೆಸರು, ಮನೆ ನಂಬರ್, ಸಹಿ. ಕೊನೆಯಲ್ಲಿ ಸಹಿ ಹಾಕಿಸೋಣ ಅಂದರೆ ಅರ್ಧ ಜನ ಹೊರಟುಹೋಗಿರುತ್ತಾರೆ.

ಮೊದಲ ಮಾತು ಪದಾಧಿಕಾರಿಗಳದ್ದು ಬೇಡ. ನೀರು ನುಗ್ಗಿದ ಮನೆಯವರು ಮಾತಾಡಲಿ. ‘ರಾತ್ರಿ ಒಂದು ಗಂಟೆಗೆ ಅಕ್ಕಿ ಚೀಲ ಎತ್ತಿ ಮಂಚದ ಮೇಲೆ ಇಟ್ವಿ, ಅಷ್ಟರಲ್ಲಿ ಮಿಕ್ಸಿ, ಗ್ರೈಂಡರ್ ಎಲ್ಲಾ ನೆನೆದು ಹೋಗಿತ್ತು’ ಅಂತ ಒಬ್ಬ ತಾಯಿ ಹೇಳಿದರೆ ಆಮೇಲೆ ಯಾರೂ ಬೀದಿನಾಯಿ ವಿಷಯ ತೆಗೆಯುವುದಿಲ್ಲ. ನಂತರ ಅಳತೆ ಮಾಡಿದವರು ಫೋಟೋ ಮತ್ತು ಅಂಕಿ ಇಡಲಿ. ಆಮೇಲೆ ಚರ್ಚೆ.

ಬೇರೆ ವಿಷಯ ಎತ್ತುವವರು ಇದ್ದೇ ಇರುತ್ತಾರೆ. ಅವರ ಬಾಯಿ ಮುಚ್ಚಿಸಬೇಡಿ. ಒಂದು ಹಾಳೆಯಲ್ಲಿ ‘ಮುಂದಿನ ಸಭೆಗೆ’ ಅಂತ ಬರೆದು ಅವರ ವಿಷಯವನ್ನು ಅವರ ಕಣ್ಣೆದುರೇ ಸೇರಿಸಿ. ಮುಂದಿನ ಸಭೆಯಲ್ಲಿ ಅದನ್ನು ನಿಜವಾಗಿಯೂ ತೆಗೆದುಕೊಳ್ಳಿ.

ಕೊನೆಗೆ ಠರಾವು. ಬರೆದು, ಗಟ್ಟಿಯಾಗಿ ಓದಿ, ಒಪ್ಪಿಗೆ ಕೇಳಿ. ಇದರಲ್ಲಿ ಮೂರು ಸಂಗತಿ ಇರಲೇಬೇಕು: ಏನು ಕೆಲಸ, ಯಾರು ಮಾಡುತ್ತಾರೆ, ಯಾವ ತಾರೀಖಿನ ಒಳಗೆ. ‘ಸಂಘದ ವತಿಯಿಂದ ಕ್ರಮ ಕೈಗೊಳ್ಳುವುದು’ ಅಂತ ಬರೆದರೆ ಯಾರೂ ಮಾಡುವುದಿಲ್ಲ. ಇಬ್ಬರ ಹೆಸರು ಬರೆಯಿರಿ. ಅದರಲ್ಲಿ ಒಬ್ಬರು ಕೆಲಸದ ದಿನ ಕಚೇರಿಗೆ ಹೋಗಲು ಬಿಡುವಿರುವವರಾಗಿರಲಿ. ನಡಾವಳಿಗೆ ಅಧ್ಯಕ್ಷರ ಸಹಿ ಅಲ್ಲೇ, ಆಗಲೇ ಆಗಬೇಕು.

## ಹಂತ 7: ಅರ್ಜಿ ಬರೆದು ಸೀಲು ಹಾಕಿಸಿಕೊಳ್ಳಿ

ಅರ್ಜಿ ಒಂದೇ ಪುಟ. ಹಳೆಯ ಸಂಕಟದ ಕಥೆ ಬೇಡ. ಹೀಗೆ ಬರೆಯಬಹುದು (ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ಅಳತೆ ಹಾಕಿಕೊಳ್ಳಿ):

> ಗೆ,
> ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರಿಗೆ
> ವಿಷಯ: 4ನೇ ಅಡ್ಡರಸ್ತೆಯ ಪೂರ್ವ ಬದಿ ಚರಂಡಿಯ ಹೂಳು ತೆಗೆಸಿ, ಕುಸಿದಿರುವ 40 ಮೀಟರ್ ಭಾಗವನ್ನು ಮರುನಿರ್ಮಿಸುವ ಬಗ್ಗೆ.
> ಮಾನ್ಯರೇ,
> ಈ ಚರಂಡಿಯ ಆಳ 60 ಸೆಂ.ಮೀ. ಅದರಲ್ಲಿ 40 ಸೆಂ.ಮೀ. ಹೂಳು ತುಂಬಿದೆ. ಮನೆ ನಂ. 18ರಿಂದ 24ರ ತನಕ ಬದಿಗೋಡೆ ಕುಸಿದಿದೆ. ಮಳೆ ಬಂದಾಗ 9 ಮನೆಗಳಿಗೆ ನೀರು ನುಗ್ಗುತ್ತಿದೆ. ಅಳತೆ ಪಟ್ಟಿ, ಫೋಟೋಗಳು ಮತ್ತು ಸಂಘದ ಠರಾವಿನ ಪ್ರತಿ ಲಗತ್ತಿಸಿದೆ.
> ದಯವಿಟ್ಟು ಸ್ಥಳ ಪರಿಶೀಲನೆಗೆ ದಿನಾಂಕ ತಿಳಿಸಬೇಕಾಗಿ ವಿನಂತಿ. ಅಂದು ನಾವು ಸ್ಥಳದಲ್ಲಿ ಹಾಜರಿರುತ್ತೇವೆ.

ಕೊನೆಯ ಎರಡು ಸಾಲು ಮುಖ್ಯ. ‘ಕ್ರಮ ಕೈಗೊಳ್ಳಿ’ ಅಂದರೆ ಅದಕ್ಕೆ ಕೊನೆಯಿಲ್ಲ. ‘ದಿನಾಂಕ ತಿಳಿಸಿ’ ಅಂದರೆ ಅದಕ್ಕೊಂದು ಉತ್ತರ ಕೊಡಲೇಬೇಕಾಗುತ್ತದೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇಂಜಿನಿಯರ್ ಕೈಗೇ ಕೊಟ್ಟು ‘ನೋಡ್ತೀನಿ ಬಿಡಿ’ ಅನ್ನಿಸಿಕೊಂಡು ಬಂದರೆ ನೀವು ಅರ್ಜಿ ಕೊಟ್ಟಿದ್ದಕ್ಕೆ ದಾಖಲೆಯೇ ಇರುವುದಿಲ್ಲ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ಜೊತೆಗೆ 1533ಕ್ಕೂ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಅದೇ ಪ್ರತಿಯ ಮೇಲೆ ಬರೆಯಿರಿ.

ಹೊತ್ತಿನ ಲೆಕ್ಕವೂ ಇರಲಿ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೂಳೆತ್ತುವಂಥ ಚಿಕ್ಕ ಕೆಲಸ ಯಾವಾಗ ಬೇಕಾದರೂ ಕೇಳಬಹುದು. ಮರುನಿರ್ಮಾಣಕ್ಕೆ ಹಣ ಇಡಬೇಕಲ್ಲ, ಅದರ ಅರ್ಜಿ ಬಜೆಟ್ ತಯಾರಿಗೆ ಮೊದಲೇ, ನವೆಂಬರ್ ಡಿಸೆಂಬರ್ ಹೊತ್ತಿಗೆ ಹೋಗಿರಲಿ. ಚುನಾವಣೆ ನೀತಿಸಂಹಿತೆ ಬಂದರೆ ಹೊಸ ಕೆಲಸ ಶುರುವಾಗುವುದಿಲ್ಲ, ಅದನ್ನೂ ನೆನಪಿಡಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಒಂದು ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಪಾಲಿಕೆಯಲ್ಲಿ ಹಣ ಇಲ್ಲ ಅಂದಾಗ ಅಂದಾಜು ಪಟ್ಟಿ ಹಿಡಿದು ಅಲ್ಲೂ ಕೇಳಬಹುದು.

## ಹಂತ 8: ಬೆನ್ನು ಹತ್ತಿ

ಎರಡು ವಾರಕ್ಕೆ ಉತ್ತರ ಬರದಿದ್ದರೆ ಅದೇ ಅರ್ಜಿಯ ದಿನಾಂಕ ಹೇಳಿ ನೆನಪೋಲೆ ಕೊಡಿ, ಮೇಲಿನ ಅಧಿಕಾರಿಗೆ, ಅಂದರೆ ಕಾರ್ಯಪಾಲಕ ಇಂಜಿನಿಯರ್‌ಗೆ ಪ್ರತಿ ಹಾಕಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಕೂಡ ಇದೆ. ಪ್ರತಿ ಸಲ ಹೊಸ ಅರ್ಜಿ ಬರೆಯಬೇಡಿ. ಹೊಸ ಅರ್ಜಿಗೆ ಹೊಸ ದಿನಾಂಕ ಬೀಳುತ್ತದೆ, ಹಳೆಯ ತಡ ಮರೆತೇ ಹೋಗುತ್ತದೆ.

ಆಗಲೂ ಏನೂ ಆಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005. ಇಲ್ಲಿ ಬಹಳ ಸಂಘಗಳು ಎಡವುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಆದ್ದರಿಂದ ಸಂಘದ ಹೆಸರಲ್ಲಿ ಬೇಡ, ಒಬ್ಬ ಸದಸ್ಯರ ಸ್ವಂತ ಹೆಸರಲ್ಲಿ ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರೆಬರೆ ಬಂದರೆ ಮತ್ತೆ 30 ದಿನದ ಒಳಗೆ ಮೊದಲ ಮೇಲ್ಮನವಿ.

‘ಯಾಕೆ ಕೆಲಸ ಮಾಡಿಲ್ಲ?’ ಅಂತ ಕೇಳಬೇಡಿ. ಅದು ಪ್ರಶ್ನೆ, ದಾಖಲೆಯಲ್ಲ. ‘ಇಂಥ ದಿನಾಂಕದ ನಮ್ಮ ಅರ್ಜಿಯ ಮೇಲೆ ಬರೆದಿರುವ ಕಡತದ ಟಿಪ್ಪಣಿಗಳ ಪ್ರತಿ ಕೊಡಿ’, ‘ಕಳೆದ ಮೂರು ವರ್ಷದಲ್ಲಿ ಈ ಅಡ್ಡರಸ್ತೆಯ ಚರಂಡಿಗೆ ಕೊಟ್ಟ ಕಾರ್ಯಾದೇಶ, ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ’ ಅಂತ ಕೇಳಿ. ಕಾರ್ಯಾದೇಶ ಅಂದರೆ ಗುತ್ತಿಗೆದಾರರಿಗೆ ಕೆಲಸ ಶುರು ಮಾಡಿ ಅಂತ ಕೊಡುವ ಆದೇಶ, ಅಳತೆ ಪುಸ್ತಕ ಅಂದರೆ ಆದ ಕೆಲಸವನ್ನು ಇಂಜಿನಿಯರ್ ಅಳೆದು ಬರೆದಿಡುವ ಪುಸ್ತಕ. ಎರಡನ್ನೂ ಬೇರೆ ಬೇರೆ ಅರ್ಜಿ ಮಾಡಿ. ಎರಡನೆಯದರ ಉತ್ತರ ಬಂದಾಗ ಗಮನವಿಟ್ಟು ಓದಿ. ಹೂಳೆತ್ತಿದ್ದಕ್ಕೆ ಬಿಲ್ಲು ಆಗಿ, ಮೋರಿಯಲ್ಲಿ ಹೂಳು ಹಾಗೇ ಇದ್ದರೆ, ನಿಮ್ಮ ಅಳತೆ ಪಟ್ಟಿಗೆ ಆಗ ಬೆಲೆ ಬರುತ್ತದೆ.

ಈ ಹಂತದಲ್ಲಿ ಯಾರಾದರೂ ‘ಮನೆಗೆ ಇಷ್ಟು ಅಂತ ಸೇರಿಸಿ ಕೊಟ್ಟರೆ ಬೇಗ ಆಗುತ್ತೆ’ ಅಂದರೆ ಒಪ್ಪಲೇಬೇಡಿ. ಪಾಲಿಕೆ ಕೆಲಸಕ್ಕೆ ಸಂಘ ಹಣ ಕೊಡುವುದೇ ತಪ್ಪು. ಒಮ್ಮೆ ಕೊಟ್ಟರೆ ಮುಂದಿನ ಬೀದಿಯವರಿಗೂ ಅದೇ ದರ ಕಟ್ಟುತ್ತಾರೆ.

## ಹಂತ 9: ಕೆಲಸ ನಡೆಯುವಾಗ

ಕಾಮಗಾರಿ ಶುರುವಾದ ಮೊದಲ ದಿನವೇ ಅಂದಾಜು ಪಟ್ಟಿಯ ಪ್ರತಿ ಕೈಯಲ್ಲಿರಲಿ. ಅದರಲ್ಲಿ ಇಲ್ಲದ್ದನ್ನು ಗುತ್ತಿಗೆದಾರರಿಂದ ಕೇಳುವ ಹಾಗಿಲ್ಲ, ಇರುವುದನ್ನು ಬಿಡುವ ಹಾಗೂ ಇಲ್ಲ. ದಿನಕ್ಕೆ ಇಬ್ಬರಂತೆ ಸರದಿ ಹಾಕಿಕೊಳ್ಳಿ. ನೋಡಬೇಕಾದ್ದು ಇಷ್ಟು:

- ತಳದ ಕಾಂಕ್ರೀಟ್ ಹಾಕುವ ಮೊದಲು ಲೆವೆಲ್ ಪೈಪು ಹಿಡಿದು ಇಳಿಜಾರು ನೋಡಿ. ಒಂದು ಸಲ ಕಾಂಕ್ರೀಟ್ ಬಿದ್ದ ಮೇಲೆ ವಾಟ ಸರಿಪಡಿಸಲು ಆಗುವುದಿಲ್ಲ.
- ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಉಣಿಸಬೇಕು. ಮಾರನೇ ದಿನವೇ ಒಣಗಿ ಬೆಳ್ಳಗಾಗಿದ್ದರೆ ಇಂಜಿನಿಯರ್‌ಗೆ ಫೋಟೋ ಕಳಿಸಿ.
- ತೆಗೆದ ಹೂಳು ದಡದಲ್ಲೇ ಬಿಡಬಾರದು. ಒಂದು ಮಳೆ ಬಂದರೆ ಅದು ವಾಪಸ್ ಒಳಗೇ ಹೋಗುತ್ತದೆ.
- ಚಪ್ಪಡಿ ಮುಚ್ಚುವ ಮೊದಲು ಉದ್ದಕ್ಕೂ ಫೋಟೋ ತೆಗೆಯಿರಿ. ಮುಚ್ಚಿದ ಮೇಲೆ ಯಾವ ವಾದಕ್ಕೂ ಸಾಕ್ಷಿ ಇರುವುದಿಲ್ಲ.

ಕೆಲಸಗಾರರ ಮೇಲೆ ಕೂಗಾಡಬೇಡಿ. ಅವರು ಹೇಳಿದ್ದನ್ನು ಮಾಡುವವರು. ತಪ್ಪು ಕಂಡರೆ ಇಂಜಿನಿಯರ್‌ಗೆ ಬರೆದು ತಿಳಿಸಿ. ಬಿಸಿಲಲ್ಲಿ ಕೆಲಸ ಮಾಡುವವರಿಗೆ ಕುಡಿಯುವ ನೀರು ಕೊಡುವ ಮನೆಯೊಂದು ಬೀದಿಯಲ್ಲಿ ಇರಲಿ.

## ಹಂತ 10: ಮುಗಿದ ಮೇಲೆ

ಟೆಂಡರ್ ಕಾಗದದಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಒಂದು ಸಾಲು ಇರುತ್ತದೆ. ಆ ಅವಧಿಯಲ್ಲಿ ಮೋರಿ ಕುಸಿದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಅದು ಮುಗಿಯುವ ತಾರೀಖನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಹೆಚ್ಚಿನ ಸಂಘಗಳು ಈ ಸಾಲು ಓದಿರುವುದೇ ಇಲ್ಲ, ಹಾಗಾಗಿ ಎರಡನೇ ವರ್ಷ ಬಿರುಕು ಬಿಟ್ಟಾಗ ಮತ್ತೆ ಸೊನ್ನೆಯಿಂದ ಅರ್ಜಿ ಶುರು ಮಾಡುತ್ತವೆ.

ಮೊದಲ ದೊಡ್ಡ ಮಳೆಗೆ ವಿಡಿಯೋ ತೆಗೆಯಿರಿ. ನೀರು ಎಲ್ಲಿ ನಿಧಾನವಾಗುತ್ತದೆ ಅಂತ ನೋಡಿ. ದೋಷ ಕಂಡರೆ ಅದೇ ವಾರ ಬರೆದು ಕೊಡಿ, ಟಪಾಲಿನಲ್ಲಿ ಸೀಲು ಹಾಕಿಸಿಕೊಳ್ಳಿ. ಆಮೇಲೆ ಅಳತೆ ಪಟ್ಟಿ, ಠರಾವು, ಸೀಲು ಬಿದ್ದ ಅರ್ಜಿ, ಅಂದಾಜು ಪಟ್ಟಿ, ಫೋಟೋ, ಎಲ್ಲದರ ಎರಡನೇ ಪ್ರತಿ ಮಾಡಿಸಿ ಒಂದನ್ನು ಖಜಾಂಚಿಯವರ ಮನೆಯಲ್ಲಿಡಿ. ‘ಮುಂದಿನ ಸಭೆಗೆ’ ಅಂತ ಬರೆದಿಟ್ಟ ಹಾಳೆ ತೆಗೆದು, ಮೊದಲ ಸಾಲಿನ ವಿಷಯಕ್ಕೆ ಅಳತೆಗೆ ಹೋಗುವ ದಿನ ಗೊತ್ತು ಮಾಡಿ.